ಭಾಗವತನ ಗಂಟಲು ಕಟ್ಟಿದಾಗ: ಬೂದು ಗಿಳಿಯ ಮಾತಿನ ದೋಷ ಹುಡುಕುವ ಬಗೆ

ನಮ್ಮ ಮನೆಯ ಆಫ್ರಿಕನ್ ಬೂದು ಗಿಳಿಗೆ ಭಾಗವತ ಎಂದು ಹೆಸರು. ಯಕ್ಷಗಾನದ ಭಾಗವತರು ತಲೆಗೆ ಸುತ್ತುವ ಕೆಂಪು ಮುಂಡಾಸನ್ನು ಇವನು ಬಾಲಕ್ಕೆ ಸುತ್ತಿಕೊಂಡು ಹುಟ್ಟಿದ್ದಾನೆ ಎಂಬುದು ಒಂದು ಕಾರಣ. ಬೆಳಗಿನಿಂದ ಮುಸ್ಸಂಜೆಯ ತನಕ ಪದ್ಯ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ಕಾಸರಗೋಡು ಜಿಲ್ಲೆಯ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುವಾಗ ಸಿಗುವ ಅಡಿಕೆ ತೋಟವೊಂದರ ನಡುವೆ ನಮ್ಮ ಮನೆ. ಗೇಟು ಕಿರ್ರೆಂದರೆ ಮಲಯಾಳದಲ್ಲಿ ‘ಆರಾ?’ ಎಂದು ಕೇಳುತ್ತಾನೆ. ಕೆಲಸದವರು ಅಂಗಳಕ್ಕೆ ಬಂದರೆ ತುಳುವಿನಲ್ಲಿ ‘ದಾನೆ?’ (ಏನು?). ಅಮ್ಮ ಅಡುಗೆಮನೆಯಿಂದ ಹೊರಬಂದರೆ ಮಾತ್ರ ಕನ್ನಡ: ‘ಕಾಫಿ ಆಯಿತೇ?’ ಅದೂ ಅಪ್ಪನ ದನಿಯಲ್ಲಿ, ಅಪ್ಪ ಎದುರಿಗೇ ಕುಳಿತಿದ್ದರೂ.

ಒಂದು ಆಟಿ ತಿಂಗಳಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ವಾರ, ಅವನು ಮಾತು ಬಿಟ್ಟ. ಮನೆಯಲ್ಲಿದ್ದವರು ನಾಲ್ವರು, ಹೊರಬಿದ್ದ ಕಾರಣಗಳು ಐದು. ಅಮ್ಮನಿಗೆ ದೃಷ್ಟಿಯ ಸಂಶಯ. ಅಪ್ಪನಿಗೆ ಚಳಿಯ ಸಂಶಯ. ಅಡಿಕೆ ಸುಲಿಯಲು ಬಂದವರೊಬ್ಬರು ಬಜೆ ತೇಯ್ದು ನಾಲಿಗೆಗೆ ಹಚ್ಚಲು ಹೇಳಿದರು. ನಾನು ಎಲ್ಲರಿಗಿಂತ ಹೆಚ್ಚು ಓದಿದವನಾದ್ದರಿಂದ ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದೆ. ಅದೇ ತಿಂಗಳು ಮಗಳು ಹಾಸ್ಟೆಲ್ ಸೇರಿದ್ದಳು. ಹಕ್ಕಿ ಅವಳಿಗಾಗಿ ಕೊರಗುತ್ತಿದೆ ಎಂದು ಕಥೆ ಕಟ್ಟಿ, ಅವಳ ದನಿಯನ್ನು ಮೊಬೈಲಿನಲ್ಲಿ ದಿನಕ್ಕೆ ಮೂರು ಹೊತ್ತು ಕೇಳಿಸಿದೆ. ಆ ಕಥೆ ಹನ್ನೊಂದು ದಿನಗಳನ್ನು ತಿಂದಿತು. ಕೆಳಗೆ ಬರೆದಿರುವುದೆಲ್ಲ ಆ ಹನ್ನೊಂದು ದಿನಗಳನ್ನು ಬೇರೆಯವರು ಕಳೆದುಕೊಳ್ಳದಿರಲಿ ಎಂದು.

ಮೊದಲ ಕವಲು

ತೋಟದ ಪಂಪು ನೀರು ಎತ್ತದಿದ್ದರೆ ಮೊದಲು ನೋಡುವುದು ಮೋಟಾರು ತಿರುಗುತ್ತಿದೆಯೇ ಎಂದು. ತಿರುಗುತ್ತಿದ್ದರೆ ದೋಷ ನೀರಿನ ದಾರಿಯಲ್ಲಿ, ಇಲ್ಲದಿದ್ದರೆ ಕರೆಂಟಿನ ದಾರಿಯಲ್ಲಿ. ಮಾತಾಡುವ ಹಕ್ಕಿಗೂ ಅಂಥದೇ ಒಂದು ಕವಲಿದೆ: ನಿಂತದ್ದು ಮಾತೋ, ಸ್ವರವೋ?

ಎರಡೂ ಒಂದೇ ಎಂದು ತೋರುವುದು ನಾವು ಅದರ ಮಾತಿಗೆ ಮಾತ್ರ ಕಿವಿ ಕೊಡುವುದರಿಂದ. ಬೂದು ಗಿಳಿಗೆ ಮಾತು ಕಲಿತ ವಿದ್ಯೆ. ಅದರ ಅಡಿಯಲ್ಲಿ ಹುಟ್ಟಿನಿಂದ ಬಂದ ಕೂಗುಗಳಿವೆ. ಬೆಳಗ್ಗೆ ಬಟ್ಟೆ ಸರಿಸಿದಾಗಿನ ಸಿಳ್ಳೆ, ಹದ್ದಿನ ನೆರಳು ಕಂಡಾಗಿನ ಚೀರು, ನಾವು ಕಣ್ಣಿಗೆ ಮರೆಯಾದಾಗ ಕರೆಯುವ ಕರೆ, ಹೆದರಿದಾಗಿನ ಗುರುಗುಟ್ಟುವಿಕೆ. ಪದಗಳು ನಿಂತು ಈ ಕೂಗುಗಳು ಮೊದಲಿನಷ್ಟೇ ಸ್ಪಷ್ಟವಾಗಿ ಉಳಿದಿದ್ದರೆ ಮೋಟಾರು ತಿರುಗುತ್ತಿದೆ ಎಂದರ್ಥ. ದೋಷವನ್ನು ಮನೆಯಲ್ಲಿ, ದಿನಚರಿಯಲ್ಲಿ, ಹಕ್ಕಿಯ ಮನಸ್ಸಿನಲ್ಲಿ ಹುಡುಕಬಹುದು, ಅವಸರವಿಲ್ಲ. ಕೂಗೇ ಒಡೆದಿದ್ದರೆ, ಸಿಳ್ಳೆಯ ಮೇಲಿನ ಸ್ವರ ಹತ್ತದಿದ್ದರೆ, ಕೊಕ್ಕು ತೆರೆದರೂ ಗಾಳಿ ಮಾತ್ರ ಬರುತ್ತಿದ್ದರೆ, ದೋಷ ದೇಹದಲ್ಲಿದೆ. ಆಗ ಈ ಬರಹವನ್ನು ಪೂರ್ತಿ ಓದುವುದೂ ಬೇಡ. ಹಕ್ಕಿಯನ್ನು ಪೆಟ್ಟಿಗೆಗೆ ಹಾಕಿ ಹೊರಡಿ.

ನೆನಪನ್ನು ನಂಬಬೇಡಿ. ಎಲ್ಲರ ಮೊಬೈಲಿನಲ್ಲೂ ಹಕ್ಕಿಯ ಹಳೆಯ ವಿಡಿಯೊಗಳಿರುತ್ತವೆ. ಒಂದು ತಿಂಗಳ ಹಿಂದಿನದನ್ನೂ ಇಂದಿನದನ್ನೂ ಪಕ್ಕಪಕ್ಕದಲ್ಲಿ ಕೇಳಿ. ಭಾಗವತನ ವಿಷಯದಲ್ಲಿ ನಾನು ಇದನ್ನು ಮಾಡಿದ್ದು ಹನ್ನೆರಡನೆಯ ದಿನ. ಜೂನ್ ತಿಂಗಳ ‘ಆರಾ?’ ಗಾಜಿನಂತಿತ್ತು. ಅವನು ಮಾತು ಬಿಡುವ ಎರಡು ದಿನ ಮೊದಲಿನ ‘ಆರಾ?’ದಲ್ಲಿ ‘ರಾ’ ಒಡೆದು ಕೊನೆಯಲ್ಲಿ ಬರೀ ಉಸಿರಾಗಿತ್ತು. ಅಂದರೆ ಅವನು ಮಾತು ಬಿಟ್ಟಿರಲಿಲ್ಲ. ಆಡಲು ನೋಡಿ, ಆಗದೆ, ಸುಮ್ಮನಾಗಿದ್ದ. ನನ್ನ ಕಿವಿಯ ಮುಂದೆಯೇ ನಡೆದದ್ದು ನನಗೆ ಕೇಳಿಸಿರಲಿಲ್ಲ.

ಸ್ವರ ಕೆಟ್ಟಿದ್ದರೆ

ಹಕ್ಕಿಗೆ ನಮ್ಮಂತೆ ಗಂಟಲಿನಲ್ಲಿ ಧ್ವನಿತಂತುಗಳಿಲ್ಲ. ಅದರ ಸ್ವರ ಹುಟ್ಟುವುದು ಎದೆಯೊಳಗೆ, ಶ್ವಾಸನಾಳ ಎರಡು ಕವಲಾಗುವ ಜಾಗದಲ್ಲಿರುವ ಸಿರಿಂಕ್ಸ್ ಎಂಬ ಪುಟ್ಟ ಅಂಗದಲ್ಲಿ. ನಾಲಿಗೆ ಆ ಸ್ವರವನ್ನು ತಿದ್ದುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಮಕ್ಕಳಿಗೆ ಬೇಗ ಮಾತು ಬರಲೆಂದು ಹಚ್ಚುವ ಬಜೆಯನ್ನು ಗಿಳಿಯ ನಾಲಿಗೆಗೆ ತೇಯುವುದೆಂದರೆ ಬಾವಿಯೊಳಗಿನ ಮೋಟಾರು ಸುಟ್ಟಾಗ ಅಂಗಳದ ನಲ್ಲಿ ತಿಕ್ಕಿದ ಹಾಗೆ. ನಾಲಿಗೆಯ ತುದಿ ಕತ್ತರಿಸಿದರೆ ಮಾತು ಬರುತ್ತದೆ ಎಂಬ ಹಳೆಯ ನಂಬಿಕೆಯಂತೂ ಶುದ್ಧ ಕ್ರೌರ್ಯ.

ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಬೂಷ್ಟು ಹಿಡಿದರೆ ಏನಾಗಬಹುದು ಎಂದು ಯೋಚಿಸಿ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳು ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತವೆ. ಆರೋಗ್ಯವಂತ ಹಕ್ಕಿ ಅವನ್ನು ಉಸಿರಾಡಿ ತಾಳಿಕೊಳ್ಳುತ್ತದೆ. ಕಣಗಳು ವಿಪರೀತವಾದರೆ, ಅಥವಾ ಹಕ್ಕಿಯ ತ್ರಾಣ ಕುಂದಿದ್ದರೆ, ಅದು ಶ್ವಾಸಕೋಶದಲ್ಲಿ, ಗಾಳಿಚೀಲಗಳಲ್ಲಿ, ಕೆಲವೊಮ್ಮೆ ನೇರವಾಗಿ ಸಿರಿಂಕ್ಸಿನಲ್ಲಿ ಗಂಟು ಕಟ್ಟುತ್ತದೆ. ಬೂದು ಗಿಳಿಗಳು ಈ ರೋಗಕ್ಕೆ ಬೇಗ ತುತ್ತಾಗುವ ಜಾತಿ. ಗಂಟು ಸಿರಿಂಕ್ಸಿನಲ್ಲಿದ್ದರೆ ಕಾಣುವ ಮೊದಲ ಲಕ್ಷಣವೇ ಸ್ವರ ಬದಲಾಗುವುದು. ಹೊಟ್ಟೆಗೆ ತಿನ್ನುತ್ತದೆ, ಆಡುತ್ತದೆ, ಸ್ವರ ಮಾತ್ರ ಇಲ್ಲ. ಮುಂದಿನದು ಉಸಿರುಗಟ್ಟುವುದು.

ಇನ್ನು ನಮ್ಮ ಊರಿನ ಲೆಕ್ಕ ನೋಡಿ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಬರುವ ಕಾಲ. ಅಂಗಳದಲ್ಲಿ ನಲವತ್ತು ಚಿಲ್ಲರೆ ದಿನ ಒಣಗಿದ ಅಡಿಕೆ ಗೋಣಿಯಲ್ಲಿ ಕುಳಿತು, ಮಳೆಗಾಲದಲ್ಲಿ ಬೇರೆ ಕೆಲಸವಿಲ್ಲವೆಂದು ಚಾವಡಿಯಲ್ಲಿ ಸುಲಿತಕ್ಕೆ ಬರುತ್ತದೆ. ಸುಲಿಯುವಾಗ ಏಳುವ ಧೂಳನ್ನು ಕಂಡವರಿಗೆ ಹೇಳಬೇಕಿಲ್ಲ. ಸುಲಿಯುವವರೇ ಸಂಜೆ ಕೆಮ್ಮುತ್ತಾರೆ. ಭಾಗವತನ ಗೂಡು ಆ ಚಾವಡಿಯ ಜಂತಿಯಲ್ಲಿ ತೂಗುತ್ತಿತ್ತು. ಗೂಡಿನ ತಟ್ಟೆಗೆ ನಾನೇ ಒಣ ಅಡಿಕೆ ಸಿಪ್ಪೆ ಹಾಸಿದ್ದೆ, ಪುಕ್ಕಟೆ ಸಿಗುತ್ತದೆ ಎಂದು. ತಿನ್ನಲು ಸಿಪ್ಪೆಸಹಿತ ನೆಲಗಡಲೆ, ತೆರೆದಿಟ್ಟ ಡಬ್ಬದ ಸೂರ್ಯಕಾಂತಿ ಬೀಜ. ಚಳಿಗೆಂದು ಅಪ್ಪ ದಪ್ಪ ಕಂಬಳಿ ಹೊದಿಸಿ ಗಾಳಿಯನ್ನೂ ತಡೆದಿದ್ದರು. ಬೂಷ್ಟು ಬೆಳೆಸುವುದೇ ಗುರಿಯಾಗಿದ್ದರೂ ಇದಕ್ಕಿಂತ ಚೆನ್ನಾಗಿ ಏರ್ಪಾಡು ಮಾಡಲು ಆಗುತ್ತಿರಲಿಲ್ಲ. ಅಡಿಕೆಗೆ ಕೊಳೆರೋಗ ಹಿಡಿದ ಮೇಲೆ ಬೋರ್ಡೋ ದ್ರಾವಣ ಹೊಡೆದು ಫಲವಿಲ್ಲ, ಮಳೆ ಕೂರುವ ಮೊದಲೇ ಹೊಡೆಯಬೇಕು ಎಂದು ತೋಟದಲ್ಲಿ ಉಪದೇಶ ಮಾಡುವವನು ನಾನೇ.

ಸ್ವರದ ಜೊತೆಗೆ ನೋಡಬೇಕಾದ ಎರಡು ಸಂಗತಿಗಳು ಉಸಿರು ಮತ್ತು ತೂಕ. ಸುಮ್ಮನೆ ಕುಳಿತ ಹಕ್ಕಿಯ ಬಾಲ ಉಸಿರಿಗೊಮ್ಮೆ ಪಂಪಿನ ಹಿಡಿಯಂತೆ ಏರಿಳಿಯುತ್ತಿದ್ದರೆ, ಕೊಕ್ಕು ತೆರೆದೇ ಉಸಿರಾಡುತ್ತಿದ್ದರೆ, ಅದು ಕಷ್ಟಪಟ್ಟು ಉಸಿರೆಳೆಯುತ್ತಿದೆ. ತೂಕಕ್ಕೆ ಅಡುಗೆಮನೆಯ ಗ್ರಾಂ ತಕ್ಕಡಿ ಸಾಕು, ಮೇಲೆ ಒಂದು ಕೋಲು ಕಟ್ಟಿ ಕೂರಿಸಿ, ಬೆಳಗ್ಗೆ ಹಿಕ್ಕೆ ಹಾಕಿದ ಮೇಲೆ, ಆಹಾರಕ್ಕೆ ಮೊದಲು. ಕಾಂಗೋ ಬೂದು ಗಿಳಿ ಸಾಮಾನ್ಯವಾಗಿ 400 ಗ್ರಾಂ ದಾಟಿರುತ್ತದೆ. ಆದರೆ ಬೇಕಾದದ್ದು ಜಾತಿಯ ಸರಾಸರಿಯಲ್ಲ, ನಿಮ್ಮ ಹಕ್ಕಿಯ ನಿನ್ನೆಯ ತೂಕ. ಹತ್ತರಲ್ಲಿ ಒಂದು ಪಾಲು ಇಳಿದರೆ ಗಂಡಾಂತರ. ಕಾಡಿನಲ್ಲಿ ಬಳಲಿದ ಹಕ್ಕಿ ಬೇಟೆಗಾರನ ಕಣ್ಣಿಗೆ ಬೀಳುತ್ತದೆ, ಹಾಗಾಗಿ ರೋಗ ಮುಚ್ಚಿಡುವುದು ಅದರ ರಕ್ತದಲ್ಲಿದೆ. ಪುಕ್ಕ ಉಬ್ಬಿಸಿ ದುಂಡಗೆ ಕುಳಿತಾಗ ‘ಮೈ ಕೈ ತುಂಬಿಕೊಂಡಿದ್ದಾನೆ’ ಎಂದು ನಾವು ಸಂತೋಷಪಟ್ಟಿದ್ದೆವು. ತಕ್ಕಡಿ ಬೇರೆಯೇ ಹೇಳಿತು: ಬೇಸಗೆಯಲ್ಲಿ 471 ಇದ್ದವನು 428.

ನಮ್ಮ ಹತ್ತಿರದ ಪಶುವೈದ್ಯರು ದನದ ಕೆಚ್ಚಲುಬಾವಿಗೆ ಎತ್ತಿದ ಕೈ. ಭಾಗವತನನ್ನು ನೋಡಿ, ಇದು ತಮ್ಮ ಅನುಭವದ ಆಚೆಗಿನದು, ಹಕ್ಕಿಗಳನ್ನೇ ನೋಡುವವರ ಬಳಿಗೆ ಇಂದೇ ಹೋಗಿ ಎಂದು ನೇರವಾಗಿ ಹೇಳಿದರು. ಅಂಥ ಪ್ರಾಮಾಣಿಕತೆಗೆ ನಾನು ಋಣಿ. ತೆಂಗಿನ ಸುಳಿ ಕೊಳೆತರೆ ಕೇಳಲು 1916ರಷ್ಟು ಹಿಂದೆ ಶುರುವಾದ ಸಂಶೋಧನಾ ಕೇಂದ್ರ ಕಾಸರಗೋಡಿನಲ್ಲೇ ಇದೆ. ಗಿಳಿಯ ಗಂಟಲಿಗೆ ಮಾತ್ರ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋದೆವು. ಒಯ್ಯುವಾಗ ದೊಡ್ಡ ಗೂಡು ಬೇಡ. ಗಾಳಿ ಆಡುವ ಚಿಕ್ಕ ಪೆಟ್ಟಿಗೆ, ಒಳಗೆ ಒಣ ಟವೆಲ್, ಕತ್ತಲೆ, ಕಡಿಮೆ ಮಾತು. ಉಸಿರಿಗೆ ಕಷ್ಟಪಡುವ ಹಕ್ಕಿಯನ್ನು ಎದೆ ಒತ್ತಿ ಹಿಡಿಯಲೇಬಾರದು. ಅದರ ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ, ಎದೆಗೂಡು ಏರಿಳಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ.

ಅಲ್ಲಿ ರಕ್ತ ಪರೀಕ್ಷೆ, ಎಕ್ಸ್‌ರೇ, ಬಳಿಕ ಅರಿವಳಿಕೆ ಕೊಟ್ಟು ಶ್ವಾಸನಾಳದೊಳಗೆ ಎಂಡೋಸ್ಕೋಪ್. ಪರದೆಯ ಮೇಲೆ ನಾನೇ ಕಂಡೆ: ಗುಲಾಬಿ ನಾಳದ ತಳದಲ್ಲಿ, ಕವಲಿನ ಬಾಯಿಗೆ ಅಡ್ಡವಾಗಿ, ಹಳಸಿದ ಅನ್ನದ ಅಗುಳಿನ ಬಣ್ಣದ ಒಂದು ಗಂಟು. ನಾಳ ಪೂರ್ತಿ ಕಟ್ಟಿದ್ದರೆ ಹಕ್ಕಿಯ ಪಕ್ಕೆಯಲ್ಲಿ ರಂಧ್ರ ಮಾಡಿ ಗಾಳಿಚೀಲಕ್ಕೆ ನಳಿಕೆ ಇಟ್ಟು ಅಲ್ಲಿಂದಲೇ ಉಸಿರಾಡಿಸುತ್ತಾರಂತೆ; ಹಕ್ಕಿಯ ದೇಹದ ರಚನೆ ಅದಕ್ಕೆ ಅನುಕೂಲವಾಗಿದೆ. ನಮಗೆ ಅದರ ಅಗತ್ಯ ಬೀಳಲಿಲ್ಲ. ಗಂಟನ್ನು ಆದಷ್ಟು ತೆಗೆದು, ಬಾಯಿಗೆ ಶಿಲೀಂಧ್ರನಾಶಕ, ಜೊತೆಗೆ ನೆಬ್ಯುಲೈಸರಿನಲ್ಲಿ ಔಷಧದ ಮಂಜು, ಹೀಗೆ ತಿಂಗಳುಗಟ್ಟಲೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಟ್ರಾಕೊನಜೋಲ್ ಬೇರೆ ಹಕ್ಕಿಗಳಿಗೆ ನಡೆದರೂ ಬೂದು ಗಿಳಿಗಳಿಗೆ ವಿಷದಂತಾಗಬಲ್ಲದು, ಹಕ್ಕಿ ಊಟ ಬಿಟ್ಟು ಕುಗ್ಗಿಹೋಗುತ್ತದೆ. ನಮ್ಮ ವೈದ್ಯರು ಕೊಟ್ಟದ್ದು ವೊರಿಕೊನಜೋಲ್. ಮನೆಯಲ್ಲಿ ಉಳಿದಿರುವ ಮನುಷ್ಯರ ಮಾತ್ರೆಯನ್ನು ಪುಡಿ ಮಾಡುವ ಯೋಚನೆಯೇ ಬೇಡ.

ಸ್ವರ ಕೆಡಲು ಬೂಷ್ಟೊಂದೇ ಕಾರಣವಲ್ಲ. ಬೀಜದ ಚೂರು ನಾಳಕ್ಕೆ ಹೋಗಿರಬಹುದು. ಆಗ ನಿನ್ನೆ ಸರಿ ಇದ್ದ ಹಕ್ಕಿ ಇಂದು ಏಕಾಏಕಿ ಒದ್ದಾಡುತ್ತದೆ. ಮೂಗಿನಿಂದ ಸೋರಿಕೆ, ಕಣ್ಣು ಊತ, ಹಿಕ್ಕೆ ಎಳೆ ಹಸಿರು ಬಣ್ಣಕ್ಕೆ ತಿರುಗಿದ್ದರೆ ಗಿಳಿಜ್ವರದ ಶಂಕೆ. ಇದು ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ. ಮನೆಯವರಿಗೆ ಜ್ವರ, ಒಣ ಕೆಮ್ಮು ಇದ್ದರೆ ವೈದ್ಯರಿಗೆ ‘ಮನೆಯಲ್ಲಿ ಗಿಳಿ ಇದೆ’ ಎಂಬ ಒಂದು ಮಾತು ಹೇಳಲೇಬೇಕು. ಹೊಗೆಯ ವಿಷಯ ಬೇರೆ. ಸೊಳ್ಳೆಬತ್ತಿ, ಲೋಬಾನ, ಒಗ್ಗರಣೆಯ ಘಾಟು ಗಂಟಲು ಕೆಡಿಸುತ್ತವೆ, ಆದರೆ ಕಾದು ಸುಟ್ಟ ನಾನ್‌ಸ್ಟಿಕ್ ಬಾಣಲೆಯ ಹೊಗೆ ನಿಮಿಷಗಳಲ್ಲಿ ಕೊಂದೇಬಿಡುತ್ತದೆ. ನೀರ್ದೋಸೆ ಹುಯ್ಯುವ ಮನೆಗಳಲ್ಲಿ ಗೂಡು ಅಡುಗೆಮನೆಯಿಂದ ದೂರವಿರಲಿ.

ನಡುಗುವುದು, ಕೋಲಿನಿಂದ ಬೀಳುವುದು

ಮಾತು ನಿಂತಿದೆ ಎಂದು ಕೇಳಿಕೊಂಡು ಬಂದವರಲ್ಲಿ ಒಬ್ಬರು, ಸ್ವಲ್ಪ ವಿಚಾರಿಸಿದರೆ, ಹಕ್ಕಿ ಎರಡು ಸಲ ಕೋಲಿನಿಂದ ಬಿದ್ದದ್ದನ್ನು ಹೇಳಿದರು. ನಿದ್ದೆಗಣ್ಣಿನಲ್ಲಿ ಬಿದ್ದಿರಬೇಕು ಎಂದುಕೊಂಡಿದ್ದರಂತೆ. ಬೂದು ಗಿಳಿಯ ಇನ್ನೊಂದು ಜಾತಿದೋಷ ಇದು: ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದು. ಮೊದಲು ಮೌನ ಮತ್ತು ತೂಕಡಿಕೆ, ಬಳಿಕ ರೆಕ್ಕೆ ನಡುಕ, ಹಿಡಿತ ತಪ್ಪುವುದು, ಕೊನೆಗೆ ಅಪಸ್ಮಾರದಂತೆ ಸೆಟೆಯುವುದು. ಸೂರ್ಯಕಾಂತಿ ಬೀಜದ ಮೇಲೆಯೇ ಬದುಕುವ ಹಕ್ಕಿಗಳಲ್ಲಿ ಇದು ಹೆಚ್ಚು, ಏಕೆಂದರೆ ಆ ಬೀಜದಲ್ಲಿ ಕೊಬ್ಬು ಮತ್ತು ರಂಜಕ ತುಂಬಿವೆ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಎ ಜೀವಸತ್ವವೂ ಹಾಗೆಯೇ. ಎ ಜೀವಸತ್ವ ಕಡಿಮೆಯಾದರೆ ಮೂಗು ಗಂಟಲಿನ ಒಳಪೊರೆ ಒಣಗಿ ಗಡುಸಾಗುತ್ತದೆ, ಮೇಲೆ ಹೇಳಿದ ಬೂಷ್ಟಿಗೆ ಬಾಗಿಲು ತೆರೆಯುತ್ತದೆ.

ಸೆಟೆದ ಹಕ್ಕಿಗೆ ಬೇಕಾದದ್ದು ವೈದ್ಯರ ಚುಚ್ಚುಮದ್ದು. ಆದರೆ ಮತ್ತೆ ಆಗದಂತೆ ನೋಡುವುದು ಹಿತ್ತಿಲಿನ ಕೆಲಸ: ನುಗ್ಗೆಸೊಪ್ಪು, ಮೊಳಕೆ ಬಂದ ರಾಗಿ, ಚೀನಿಕಾಯಿ, ಗೆಣಸು, ಪಪ್ಪಾಯಿ. ಬಸಳೆ ಸುಲಭವಾಗಿ ಸಿಗುತ್ತದೆ ಎಂದು ದಿನವೂ ಕೊಡಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಬೆಣ್ಣೆಹಣ್ಣು, ಚಾಕಲೇಟು, ಕಾಫಿ ಪೂರ್ತಿ ನಿಷಿದ್ಧ. ಕೇಳುತ್ತಾನೆ ಎಂದು ಭಾಗವತನಿಗೆ ಕಾಫಿ ತೋರಿಸುವ ನೆಂಟರನ್ನು ನಾನು ಚಾವಡಿಯಿಂದಲೇ ಎಬ್ಬಿಸಿದ್ದೇನೆ. ಜೊತೆಗೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಲ್ಲಿ ಡಿ ಜೀವಸತ್ವ ಹುಟ್ಟಿಸುವ ಕಿರಣ ಬರುವುದಿಲ್ಲ. ಬೀಜದಿಂದ ಸೊಪ್ಪಿಗೆ ದಾಟಿಸುವುದು ಒಂದೇ ದಿನದ ಮಾತಲ್ಲ, ಮೊಂಡುತನದಲ್ಲಿ ಈ ಹಕ್ಕಿಗಳು ನಮ್ಮ ಊರಿನ ಮನೆತನದ ಹಿರಿಯರಾದ ಕಾರಣವರನ್ನು ಮೀರಿಸುತ್ತವೆ. ತಕ್ಕಡಿ ನೋಡಿಕೊಂಡೇ ನಿಧಾನವಾಗಿ ಬದಲಾಯಿಸಿ.

ಸ್ವರ ಸರಿ ಇದೆ, ಮಾತು ಮಾತ್ರ ಇಲ್ಲ

ಈಗ ಇನ್ನೊಂದು ಕವಲು. ಮೊದಲು ಒಂದು ಒರಟು ಪ್ರಶ್ನೆ: ಈ ಹಕ್ಕಿ ಎಂದಾದರೂ ಮಾತಾಡಿದ್ದನ್ನು ನಿಮ್ಮ ಕಿವಿಯಾರೆ ಕೇಳಿದ್ದೀರಾ? ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಎಂಬ ಬಿರುದಿದೆ. ಹಕ್ಕಿ ಮಾರುವವರು ಆ ಬಿರುದನ್ನು ಹಕ್ಕಿಯ ಕುತ್ತಿಗೆಗೂ ಕಟ್ಟಿ ಬೆಲೆ ಏರಿಸುತ್ತಾರೆ. ಕಣ್ಣು ನೋಡಿ. ಪಾಪೆಯ ಸುತ್ತ ಕಪ್ಪು ಬೂದಿಯ ಬಣ್ಣವಿದ್ದರೆ ಅದು ಇನ್ನೂ ಮರಿ. ವಯಸ್ಸಾದಂತೆ ಆ ಬಣ್ಣ ತಿಳಿಯಾಗುತ್ತ ಕೊನೆಗೆ ಒಣಹುಲ್ಲಿನ ಹಳದಿಗೆ ಬರುತ್ತದೆ. ಸ್ಪಷ್ಟವಾದ ಮಾತು ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆಯೇ. ಕಪ್ಪುಗಣ್ಣಿನ ಮರಿ ಮಾತಾಡುತ್ತಿಲ್ಲವೆಂದರೆ ಅದು ದೋಷವಲ್ಲ, ಪ್ರಾಯ. ಬಾಲ ಕಡುಗೆಂಪಿನ ಬದಲು ಕಂದುಗೆಂಪಾಗಿ, ಮೇಲ್ಕೊಕ್ಕು ತಿಳಿಬಣ್ಣದ್ದಾಗಿ, ಮೈ ಚಿಕ್ಕದಾಗಿದ್ದರೆ ಅದು ಟಿಮ್ನೆ ಎಂಬ ಇನ್ನೊಂದು ಜಾತಿ, ಅದೂ ಮಾತಾಡುತ್ತದೆ. ಗಂಡೇ ಮಾತಾಡುವುದು ಎಂಬುದು ಸುಳ್ಳು, ಹೆಣ್ಣೂ ಅಷ್ಟೇ ವಾಚಾಳಿ.

ಮಾತಾಡುತ್ತಿದ್ದ ಹಕ್ಕಿ ಸುಮ್ಮನಾದರೆ ಹಿಂದಿನ ಹದಿನೈದು ದಿನಗಳ ಮನೆಯ ದಿನಚರಿ ಬರೆಯಿರಿ. ಗೂಡಿನ ಜಾಗ ಬದಲಾಯಿತೇ? ಹೊಸ ನಾಯಿ, ಹೊಸ ಪರದೆ, ಕೆಂಪು ಬಕೆಟ್? ಬೂದು ಗಿಳಿ ಅಂಜುಬುರುಕ. ಪರಿಚಿತರೊಬ್ಬರ ಹಕ್ಕಿ ಗೋಡೆಗೆ ಹೊಸ ಕ್ಯಾಲೆಂಡರ್ ನೇತುಹಾಕಿದ ದಿನದಿಂದ ಮೌನ ಹಿಡಿದು, ಅದನ್ನು ತೆಗೆದ ಮಾರನೆಯ ದಿನ ಬಾಯಿ ಬಿಟ್ಟಿತು. ಪುಕ್ಕ ಉದುರಿಸುವ ಕಾಲದಲ್ಲೂ ಮಾತು ಕಡಿಮೆ. ನಿದ್ದೆಗೆಟ್ಟರಂತೂ ಕೇಳಬೇಡಿ: ಅದಕ್ಕೆ ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ ಬೇಕು, ಟಿವಿ ಇರುವ ಚಾವಡಿಯಲ್ಲಿ ಅದು ಸಿಗುವುದಿಲ್ಲ. ಜಾತ್ರೆ, ಭೂತಕೋಲದ ಪಟಾಕಿಯ ಮರುದಿನ ಸುಮ್ಮನಿರುವ ಹಕ್ಕಿಯನ್ನು ಪರೀಕ್ಷಿಸಲೇ ಬೇಡಿ. ನೆಂಟರ ಮುಂದೆ ಮಾತಾಡದಿರುವುದಂತೂ ದೋಷಪಟ್ಟಿಯಲ್ಲೇ ಇಲ್ಲ. ನೆಂಟರು ಚಪ್ಪಲಿ ಮೆಟ್ಟುವ ಸದ್ದು ಕೇಳಿದ ಮೇಲೆಯೇ ಭಾಗವತನಿಗೆ ನಾಲ್ಕು ಭಾಷೆಗಳೂ ಒಟ್ಟಿಗೆ ನೆನಪಾಗುವುದು.

ಪದಗಳು ಹೋಗಿ ಬರೀ ಸದ್ದುಗಳು ಉಳಿದಿದ್ದರೆ ಕಾರಣ ಹೆಚ್ಚಾಗಿ ನಾವೇ. ಹಕ್ಕಿ ಮೊಬೈಲಿನ ರಿಂಗ್ ಅನುಕರಿಸಿದರೆ ಮೂವರು ಓಡಿಬರುತ್ತಾರೆ. ಕುಕ್ಕರಿನ ಸೀಟಿ ಹೊಡೆದರೆ ಅಮ್ಮ ಏಳುತ್ತಾರೆ. ‘ದಾನೆ?’ ಎಂದರೆ ಯಾರೂ ತಿರುಗುವುದಿಲ್ಲ, ಹಳತಾಯಿತು. ಯಾವ ಸದ್ದಿಗೆ ಜನ ಬರುತ್ತಾರೋ ಹಕ್ಕಿ ಅದನ್ನು ಉಳಿಸಿಕೊಳ್ಳುತ್ತದೆ. ಸೀಟಿಗೆ ಕಿವುಡಾಗಿ, ಮಾತಿಗೆ ಪ್ರತಿ ಸಲ ಉತ್ತರ ಕೊಟ್ಟರೆ ಕೆಲವು ವಾರಗಳಲ್ಲಿ ಲೆಕ್ಕ ತಿರುಗುತ್ತದೆ. ಗಂಟಲು ಹರಿಯುವಂತೆ ಕಿರುಚುವ ಹಕ್ಕಿಗೂ ಇದೇ ಮದ್ದು. ‘ಸುಮ್ಮನಿರು’ ಎಂದು ನಾವು ಕಿರುಚುವುದು ಅದಕ್ಕೆ ಜುಗಲ್ಬಂದಿಯಾಗಿ ಕೇಳಿಸುತ್ತದೆ.

ಮನೆಯಲ್ಲಿ ನಾಲ್ಕು ಭಾಷೆ ಇರುವುದರಿಂದ ಹಕ್ಕಿ ಗಲಿಬಿಲಿಗೊಂಡಿದೆ ಎಂಬ ದೂರು ನಮ್ಮ ಕಡೆ ಸಾಮಾನ್ಯ. ನಾನು ಒಪ್ಪುವುದಿಲ್ಲ. ಮಂಜೇಶ್ವರದಿಂದ ಹೊಸದುರ್ಗದ ತನಕ ಮಕ್ಕಳು ಯಾರಿಗೆ ಯಾವ ಭಾಷೆ ಎಂದು ಮೂರನೆಯ ವರ್ಷಕ್ಕೇ ತಿಳಿದುಕೊಳ್ಳುತ್ತಾರೆ. ಹಕ್ಕಿಯೂ ಮನುಷ್ಯರ ಮುಖಕ್ಕೆ, ಹೊತ್ತಿಗೆ ಪದವನ್ನು ಕಟ್ಟಿಕೊಳ್ಳುತ್ತದೆ. ಕೆಡಿಸುವುದು ಯಾರ ಮುಖವೂ ಇಲ್ಲದ ಮಾತು, ಅಂದರೆ ನಾನು ಹಾಕಿದಂಥ ರೆಕಾರ್ಡಿಂಗ್. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ಕೊಂಡ ಅಲೆಕ್ಸ್ ಎಂಬ ಬೂದು ಗಿಳಿ ನೂರರಷ್ಟು ಪದಗಳನ್ನು ಬಳಸುತ್ತಿತ್ತು. ಬಣ್ಣ, ಆಕಾರ, ವಸ್ತು ಕೇಳಿದರೆ ಹೇಳುತ್ತಿತ್ತು, ಎಣಿಸುತ್ತಿತ್ತು. 2007ರಲ್ಲಿ, 31ನೆಯ ವಯಸ್ಸಿನಲ್ಲಿ ಅದು ಸತ್ತಿತು. ಅವರು ಕಲಿಸಿದ್ದು ಇಬ್ಬರನ್ನು ಹಕ್ಕಿಯ ಎದುರು ಕೂರಿಸಿ: ಒಬ್ಬರು ವಸ್ತು ಹಿಡಿದು ಹೆಸರು ಕೇಳುವುದು, ಇನ್ನೊಬ್ಬರು ಸರಿ ಹೇಳಿದರೆ ಆ ವಸ್ತುವೇ ಬಹುಮಾನ, ತಪ್ಪಿದರೆ ಕೈಗೆ ಸಿಗದು, ಬಳಿಕ ಪಾತ್ರ ಅದಲುಬದಲು. ನೋಡುತ್ತಿರುವ ಹಕ್ಕಿಗೆ ಹೊಟ್ಟೆಕಿಚ್ಚು ಹುಟ್ಟಿ ಅದೂ ಕಣಕ್ಕಿಳಿಯುತ್ತದೆ. ಟೇಪು ಹಚ್ಚಿ ದೂರ ನಿಂತು ಕಲಿಸಲು ನೋಡಿದ ಪದಗಳು ಅವರ ಹಕ್ಕಿಗಳಿಗೆ ಹತ್ತಲಿಲ್ಲ. ಇದು ನಮಗೆ ಹೊಸದಲ್ಲ. ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಇಲ್ಲದೆ ಯಾರಿಗೆ ಮಾತು ಏರುತ್ತದೆ? ಬಾಳೆಹಣ್ಣು ಹಿಡಿದು ಅಮ್ಮ ಕೇಳುವುದು, ನಾನು ಹೇಳಿ ತಿನ್ನುವುದು, ಹೀಗೆ ಮಾಡಿ ಭಾಗವತನಿಗೆ ‘ಬಾಳೆಹಣ್ಣು’ ಬಂದದ್ದು ಹತ್ತೊಂಬತ್ತನೆಯ ದಿನ.

ಪುಕ್ಕದ ಮಾತು

ಇದು ಬೇರೆಯೇ ವಿಷಯ, ಸಂಕ್ಷೇಪವಾಗಿ ಹೇಳುತ್ತೇನೆ. ಎದೆ, ತೊಡೆ ಬೋಳಾಗಿ ತಲೆಯ ಪುಕ್ಕ ಪೂರ್ತಿ ಉಳಿದಿದ್ದರೆ ಹಕ್ಕಿ ತಾನೇ ಕೀಳುತ್ತಿದೆ, ಏಕೆಂದರೆ ಸ್ವಂತ ತಲೆಗೆ ಕೊಕ್ಕು ಎಟಕುವುದಿಲ್ಲ. ಬೇಸರ, ತುರಿಕೆ, ನೋವು, ಯಾವುದೂ ಇರಬಹುದು. ತಲೆಯೂ ಬೋಳಾಗಿದ್ದರೆ, ಪುಕ್ಕ ಸೊಟ್ಟಗೆ ಹುಟ್ಟುತ್ತಿದ್ದರೆ, ಮೈಮೇಲಿನ ಬೂದಿಯಂಥ ಪುಡಿ ಕಾಣೆಯಾಗಿ ಕೊಕ್ಕು ಕರಿಯಾಗಿ ಹೊಳೆಯುತ್ತಿದ್ದರೆ, ಕೊಕ್ಕು-ಪುಕ್ಕದ ವೈರಸ್ ಪರೀಕ್ಷೆ ಮಾಡಿಸಿ. ಬೂದು ಮೈಯಲ್ಲಿ ಏಕಾಏಕಿ ಕೆಂಪು ಪುಕ್ಕ ಮೂಡಿದರೂ ಪರೀಕ್ಷೆ ಒಳ್ಳೆಯದು. ‘ಅಪರೂಪದ ಜಾತಿ’ ಎಂದು ಅಂಥ ಹಕ್ಕಿಗೆ ಹೆಚ್ಚು ಹಣ ಕೇಳಿದವರನ್ನು ನಾನು ಕಂಡಿದ್ದೇನೆ.

ಕಾಗದ ಪತ್ರ

ಗಡಿ ದಾಟುವ ಮೊದಲು ಇದನ್ನೂ ನೋಡಿಕೊಳ್ಳಿ. 2017ರ ಜನವರಿಯಿಂದ ಬೂದು ಗಿಳಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ. ಆಫ್ರಿಕದ ಕಾಡುಗಳಿಂದ ಹಿಡಿದು ಮಾರಿದ್ದರಿಂದ ಘಾನಾದಂಥ ದೇಶಗಳಲ್ಲಿ ಅದು ಹೆಚ್ಚುಕಡಿಮೆ ಅಳಿದೇಹೋಗಿದೆ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನಿಯಮಗಳ ಪ್ರಕಾರ, ಸಾಕುವವರು ಸರಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಹಕ್ಕಿ ಕೈ ಬದಲಾದರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು. ನಮ್ಮ ತೆಂಗಿನ ಪೊಟರೆಯಿಂದ ಹಿಡಿದ ಊರ ಹಸಿರು ಗಿಳಿಯನ್ನು ಸಾಕುವುದು ಎಂದಿಗೂ ಕಾನೂನುಬದ್ಧವಲ್ಲ, ನೋಂದಣಿಯ ಪ್ರಶ್ನೆಯೇ ಇಲ್ಲ.

ಭಾಗವತನ ಮಟ್ಟಿಗೆ

ಅಡಿಕೆ ಸುಲಿತ ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಗೂಡಿನ ತಟ್ಟೆಗೆ ಈಗ ಹಳೆಯ ಪತ್ರಿಕೆ, ದಿನಕ್ಕೊಂದು. ಬೀಜ ಬಿಗಿ ಮುಚ್ಚಳದ ಡಬ್ಬದಲ್ಲಿ, ನೆಲಗಡಲೆ ಬಂದ್. ಕಂಬಳಿಯ ಬದಲು ತೆಳು ಪಂಚೆ, ಒಂದು ಬದಿ ತೆರೆದು. ನೆಬ್ಯುಲೈಸರ್ ದಿನಕ್ಕೆರಡು ಸಲ: ಗೂಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ನಳಿಕೆ ತೂರಿಸಿ, ಕಾಲು ಗಂಟೆ. ಮೊದಲ ವಾರ ಗುರುಗುಟ್ಟಿದ. ಬಳಿಕ ಯಂತ್ರ ತಂದರೆ ತಾನೇ ಮೂಲೆಗೆ ಸರಿದು ಕೂರಲು ಕಲಿತ. ತೂಕ 440, 447, 455 ಎಂದು ಹತ್ತಿತು. ಸ್ವರ ಮಾತ್ರ ಇಲ್ಲ. ಸಿರಿಂಕ್ಸಿನಲ್ಲಿ ಗಾಯದ ಕಲೆ ಉಳಿದರೆ ಹಳೆಯ ದನಿ ಪೂರ್ತಿ ಮರಳದಿರಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು.

ನವರಾತ್ರಿ ಕಳೆದು ಒಂದು ಬೆಳಗ್ಗೆ ಚಾವಡಿಯಿಂದ ನೆಬ್ಯುಲೈಸರಿನ ಗುಂಯ್ ಸದ್ದು ಕೇಳಿತು. ಅಮ್ಮ ಬೇಗ ಶುರು ಮಾಡಿದ್ದಾರೆ ಎಂದುಕೊಂಡೆ. ಬಂದು ನೋಡಿದರೆ ಅಮ್ಮ ತುಳಸಿಕಟ್ಟೆಯ ಬಳಿ ಇದ್ದರು, ಯಂತ್ರ ಮೇಜಿನ ಮೇಲೆ ತಂತಿ ಸುತ್ತಿಕೊಂಡು ಮಲಗಿತ್ತು. ಭಾಗವತ ಕೋಲಿನ ಮೇಲೆ ಕುಳಿತು, ಗಂಟಲು ಉಬ್ಬಿಸಿ, ಮೋಟಾರು ಶುರುವಾಗುವಾಗಿನ ಆ ಸಣ್ಣ ಕೆಮ್ಮಿನ ಸಹಿತ ಅದನ್ನು ನುಡಿಸುತ್ತಿದ್ದ. ಸ್ವರ ಸ್ವಲ್ಪ ಒರಟು, ಆದರೆ ಎಲ್ಲೂ ಒಡೆಯಲಿಲ್ಲ. ತಕ್ಕಡಿಗೆ ಏರಿಸಿದೆ: 466.